ಐವತ್ತು ಪೈಸೆಯ ಕಾರ್ಡಿನಲ್ಲಿ ಭೂಗೋಳ

ಆಗುಂಬೆಯಿಂದ ಚಳ್ಳಕೆರೆಗೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ 200 ಕಿ.ಮೀ. ಆಗುವುದಿಲ್ಲ. ಈ ತುದಿಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಆ ತುದಿಯಲ್ಲಿ 500ರ ಆಸುಪಾಸು. ಎರಡೂ ಕಡೆಯ ಮಕ್ಕಳು ‘ಮಳೆಯ ನೆರಳಿನ ಪ್ರದೇಶ’ ಎಂಬುದನ್ನು ಒಂದೇ ಪಠ್ಯಪುಸ್ತಕದಲ್ಲಿ ಓದುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ಪಡೆಯುತ್ತಾರೆ. ಆಗುಂಬೆ ಕಡೆಯ ಹುಡುಗಿಗೆ ಜುಲೈ ಎಂದರೆ ಬಚ್ಚಲ ಒಲೆಯ ಹತ್ತಿರ ಹರವಿದರೂ ಒಣಗದ ಯೂನಿಫಾರಂ. ಚಳ್ಳಕೆರೆಯ ಹುಡುಗನಿಗೆ ಅದೇ ಜುಲೈ ಎಂದರೆ ಶೇಂಗಾ ಬಿತ್ತಲು ಹದ ಮಳೆಗಾಗಿ ಮುಗಿಲು ನೋಡುವ ಅಪ್ಪ. ಈ ಇಬ್ಬರಿಗೂ ಪರಸ್ಪರರ ಜುಲೈ ಗೊತ್ತಿಲ್ಲ. ಗೊತ್ತಾದ ದಿನ ಪುಸ್ತಕದ ಆ ಸಾಲು ಅವರಿಗೆ ಅರ್ಥವಾಗುತ್ತದೆ. ಅದಕ್ಕೆ ಪ್ರವಾಸದ ಬಸ್ಸು ಬೇಕಿಲ್ಲ, ಅಂಚೆ ಕಾರ್ಡು ಸಾಕು.

ಎರಡು ಶಾಲೆಗಳ ಮಕ್ಕಳು ವರ್ಷವಿಡೀ ಕಾರ್ಡು ಬರೆದುಕೊಂಡು ಭೂಗೋಳ ಕಲಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಾಲ್ಕರಿಂದ ಏಳನೇ ತರಗತಿಯವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಖರ್ಚು ಕೈಗೆಟುಕುವಂಥದ್ದು: ಸಾದಾ ಅಂಚೆ ಕಾರ್ಡಿನ ಬೆಲೆ 50 ಪೈಸೆ. ಮೂವತ್ತು ಮಕ್ಕಳ ತರಗತಿ ವರ್ಷಕ್ಕೆ ಆರು ಸುತ್ತು ಬರೆದರೆ 180 ಕಾರ್ಡು, ಒಟ್ಟು 90 ರೂಪಾಯಿ.

ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮುಗಿಯುತ್ತದೆ, ನಿಜ. ಆದರೆ ವಿಡಿಯೊ ಮಾಡುವವರು ಮೇಷ್ಟ್ರು, ಮಕ್ಕಳು ನೋಡುವವರು ಮಾತ್ರ. ಕಾರ್ಡು ಸುಮಾರು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಅಷ್ಟರಲ್ಲಿ ಎಂಟು ಹತ್ತು ಸಾಲು ಹಿಡಿಸುತ್ತವೆ. ಏನು ಬರೆಯಬೇಕು, ಏನು ಬಿಡಬೇಕು ಎಂದು ಪ್ರತಿ ಮಗುವೂ ತಾನೇ ತೀರ್ಮಾನಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮೂರನ್ನು ಎಂದೂ ನೋಡದ ಒಬ್ಬರಿಗೆ ಬರೆಯಬೇಕೆಂದಾಗ, ದಿನಾ ಓಡಾಡುವ ದಾರಿಯ ಮಣ್ಣಿನ ಬಣ್ಣ ಯಾವುದು, ಊರ ಹಳ್ಳ ಯಾವ ಕಡೆಗೆ ಹರಿಯುತ್ತದೆ ಎಂದು ಮಗು ಮೊದಲ ಸಲ ನಿಂತು ನೋಡುತ್ತದೆ. ಬಂದ ಕಾರ್ಡಿನಿಂದ ಕಲಿಯುವುದು ಅರ್ಧ ಮಾತ್ರ. ಉಳಿದರ್ಧ ಕಲಿಕೆ ತಾನು ಬರೆಯುವುದರಲ್ಲಿದೆ, ಮತ್ತು ಈ ಅರ್ಧವೇ ಹೆಚ್ಚು ಗಟ್ಟಿ ಎಂದು ನನ್ನ ನಂಬಿಕೆ.

ಜೊತೆ ಶಾಲೆ ಹುಡುಕುವುದು

ದೂರದ ಶಾಲೆಯೇ ಬೇಕೆಂದಿಲ್ಲ, ಬೇರೆ ಬಗೆಯ ನೆಲದ ಶಾಲೆ ಬೇಕು. ಡಿ.ಇಡಿ. ಓದುವಾಗಿನ ಗೆಳೆಯರು, ವರ್ಗವಾಗಿ ಹೋದ ಸಹೋದ್ಯೋಗಿಗಳು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪು ಎಲ್ಲವೂ ದಾರಿಗಳೇ. ಕರಾವಳಿಯ ಶಾಲೆಗೆ ಬಯಲುಸೀಮೆ, ಮಲೆನಾಡಿಗೆ ಎರೆಭೂಮಿಯ ಊರು ಒಳ್ಳೆಯ ಜೋಡಿ. ಗಡಿಯಾಚೆ ಹುಡುಕುವುದಾದರೆ ಕಾಸರಗೋಡಿನಲ್ಲಿ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿಯ ಮಕ್ಕಳಿಗೆ ರಾಜ್ಯದ ಒಳಗಿನಿಂದ ಒಂದು ಕನ್ನಡ ಕಾರ್ಡು ಬರುವುದು ಭೂಗೋಳಕ್ಕಿಂತ ದೊಡ್ಡ ಸಂಗತಿಯೂ ಆಗಬಹುದು. ಮೂರು ಶಾಲೆಗಳ ಸುತ್ತು ಮಾಡುವ ಆಸೆ ಹಲವರಿಗೆ ಬರುತ್ತದೆ. ಮೊದಲ ವರ್ಷ ಒಂದೇ ಶಾಲೆ ಇರಲಿ, ಇಬ್ಬರು ಮೇಷ್ಟ್ರು ಹೊಂದಿಕೊಳ್ಳಲು ಒಂದು ವರ್ಷ ಹಿಡಿಯುತ್ತದೆ.

ಜೂನ್‌ನಲ್ಲೇ ಇಬ್ಬರೂ ಫೋನಿನಲ್ಲಿ ಕುಳಿತು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಯಾವ ತಿಂಗಳು ಯಾವ ವಿಷಯದ ಕಾರ್ಡು, ಎಷ್ಟನೇ ತಾರೀಖಿನೊಳಗೆ ಡಬ್ಬಕ್ಕೆ ಹಾಕಬೇಕು, ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಇದ್ದರೆ ಏನು ಮಾಡಬೇಕು. ಮೂರನೆಯದನ್ನು ಮರೆಯಬೇಡಿ. ಒಂದು ಕಡೆ 30 ಮಕ್ಕಳು, ಇನ್ನೊಂದು ಕಡೆ 18 ಇದ್ದರೆ ಹನ್ನೆರಡು ಮಕ್ಕಳು ಕಾರ್ಡು ಬಾರದೆ ಸಪ್ಪೆ ಮುಖ ಹಾಕಿಕೊಂಡು ಕೂರುತ್ತಾರೆ. ಅದಕ್ಕೇ ಕಾರ್ಡನ್ನು ಇಂಥ ಮಗುವಿಗೆ ಎಂದು ಬರೆಸದೆ ಇಬ್ಬರು ಮೂವರ ತಂಡಕ್ಕೆ ಬರೆಸಿ, ತಂಡಗಳ ಸಂಖ್ಯೆ ಎರಡೂ ಕಡೆ ಒಂದೇ ಇರಲಿ. ಒಂದು ಕಾರ್ಡು ದಾರಿಯಲ್ಲಿ ಕಳೆದರೂ ತಂಡಕ್ಕೆ ಬೇರೆ ಕಾರ್ಡು ಇದ್ದೇ ಇರುತ್ತದೆ.

ಮೊದಲ ಕಾರ್ಡು

ಸುಮ್ಮನೆ ಬರೆಯಿರಿ ಎಂದರೆ ಮಕ್ಕಳು ಬರೆಯುವುದು ಇಷ್ಟು: ‘ನಮ್ಮ ಊರು ತುಂಬಾ ಸುಂದರವಾಗಿದೆ. ಇಲ್ಲಿ ಗುಡಿ ಇದೆ, ಕೆರೆ ಇದೆ. ನೀವು ಬನ್ನಿ.’ ಇದು ಯಾವ ಊರಿಂದಲೂ ಬರಬಹುದು. ಮಕ್ಕಳ ತಪ್ಪಲ್ಲ, ಪ್ರಬಂಧದಲ್ಲಿ ಹೀಗೆ ಬರೆಯಲು ನಾವೇ ಕಲಿಸಿದ್ದೇವೆ. ಆದ್ದರಿಂದ ಪ್ರತಿ ಸುತ್ತಿಗೂ ಒಂದೊಂದು ಚಿಕ್ಕ, ಗಟ್ಟಿ ಪ್ರಶ್ನೆ ಕೊಡಬೇಕು. ನಿಮ್ಮ ಮನೆಯ ಛಾವಣಿ ಯಾವುದರದು, ಇಳಿಜಾರೋ ಸಮತಟ್ಟೋ? ಇವತ್ತು ಬೆಳಿಗ್ಗೆ ಕುಡಿದ ನೀರು ಎಲ್ಲಿಂದ ಬಂತು? ಈ ವಾರದ ಸಂತೆಯಲ್ಲಿ ಕಂಡ ಮೂರು ಪದಾರ್ಥ ಯಾವ ಊರಿಂದ ಬಂದವು? ಇವತ್ತು ಹೊಲದಲ್ಲಿ ನಿಂತಿರುವ ಪೈರು ಯಾವುದು, ಎಷ್ಟು ಎತ್ತರ?

ಛಾವಣಿಯ ಪ್ರಶ್ನೆಯಿಂದ ಶುರುಮಾಡುವುದು ನನಗೆ ಹೆಚ್ಚು ಇಷ್ಟ. ತೀರ್ಥಹಳ್ಳಿ ಕಡೆಯ ಮಗು ಕಡಿದಾದ ಹಂಚಿನ ಮಾಡು ಬರೆಯುತ್ತದೆ, ಮಳೆಗಾಲಕ್ಕೆ ಗೋಡೆ ನೆನೆಯದಂತೆ ಅಡಿಕೆ ಸೋಗೆ ಕಟ್ಟುವುದನ್ನು ಹೇಳುತ್ತದೆ. ಚಳ್ಳಕೆರೆ ಕಡೆಯ ಮಗು ಅಜ್ಜನ ಮಣ್ಣಿನ ಮಾಳಿಗೆ ಮನೆ, ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ ಬರೆಯುತ್ತದೆ. ಕಲಬುರಗಿ ಕಡೆಯಿಂದಾದರೆ ಶಹಾಬಾದ್ ಕಲ್ಲಿನ ಹಾಸು ಬರುತ್ತದೆ. ಕಾರ್ಡು ತಲುಪಿದ ದಿನ ಮೇಷ್ಟ್ರು ಕೇಳಬೇಕಾದದ್ದು ಒಂದೇ: ಅವರ ಛಾವಣಿ ನಮ್ಮೂರಿಗೆ ತಂದು ಹಾಕಿದರೆ ಏನಾಗುತ್ತದೆ? ಈ ಒಂದು ಪ್ರಶ್ನೆಯ ಮೇಲೆ ಪೂರ್ತಿ ಪೀರಿಯಡ್ ಕಳೆಯಬಹುದು. ಮಳೆ, ಬಿಸಿಲು, ಸಿಗುವ ಕಲ್ಲು ಮಣ್ಣು, ದುಡ್ಡು ಎಲ್ಲವೂ ಮಾತಿಗೆ ಬರುತ್ತವೆ. ಹೊಸದಾಗಿ ಕಟ್ಟಿದ ಆರ್‌ಸಿಸಿ ಮನೆ ಎರಡೂ ಊರಲ್ಲಿ ಒಂದೇ ಥರ ಏಕಿದೆ ಎಂದು ಯಾರಾದರೂ ಕೇಳಿದರೆ ಆ ಮಗುವಿಗೆ ಶಹಬ್ಬಾಸ್ ಹೇಳಿ.

ಭಾಷೆ ತಿದ್ದುವ ಆತುರ ಬೇಡ. ವಿಳಾಸ ತಪ್ಪಿಲ್ಲದೆ ಇರಬೇಕು, ಅಳತೆ ಸರಿ ಇರಬೇಕು. ಮಿಕ್ಕದ್ದು ಮನೆಯ ಮಾತಿನಲ್ಲೇ ಇರಲಿ. ಬರೆಯಲು ಕಷ್ಟಪಡುವ ಮಗು ಚಿತ್ರ ಬರೆದು ಬಾಣದ ಗುರುತು ಹಾಕಿ ಹೆಸರು ಗುರುತಿಸಲಿ. ಒಳ್ಳೆಯ ಚಿತ್ರವಿರುವ ಕಾರ್ಡನ್ನು ಆ ಕಡೆಯ ಮಕ್ಕಳು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಮಳೆಯನ್ನು ಅಳೆದು ಬರೆಯುವುದು

ಜುಲೈ, ಆಗಸ್ಟ್ ತಿಂಗಳು ಮಳೆ ಕಾರ್ಡಿಗೆ ಮೀಸಲು. ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ ಅದನ್ನೇ ಮಗುಚಿ ಆಲಿಕೆಯಂತೆ ಕೂರಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ಮೈ ನೇರವಾಗಿರಬೇಕು, ನಡುವೆ ಸಣ್ಣಗಾಗುವ ಬಾಟಲಿ ತಪ್ಪು ಲೆಕ್ಕ ಕೊಡುತ್ತದೆ. ತಳ ಉಬ್ಬುತಗ್ಗು ಇರುವುದರಿಂದ ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಎಂದು ಗೆರೆ ಹಾಕಿ, ಮೇಲಕ್ಕೆ ಸ್ಕೇಲಿನ ಪಟ್ಟಿ ಅಂಟಿಸಿ. ಮರ, ಸೂರುಗಳಿಂದ ದೂರ, ಬಯಲಿನಲ್ಲಿ ಇಡಿ. ಗಾಳಿಗೆ ಬೀಳದಂತೆ ಇಟ್ಟಿಗೆ ಕೊಡಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ಶಾಲೆಯ ಹತ್ತಿರದ ಮನೆಯ ಇಬ್ಬರು ಮಕ್ಕಳಿಗೆ ಆ ಹೊತ್ತಿನ ಜವಾಬ್ದಾರಿ ಕೊಡಿ. ಆಗುಂಬೆ ಸೀಮೆಯಲ್ಲಿ ಜಡಿಮಳೆಯ ದಿನ ಬಾಟಲಿ ಒಂದೇ ರಾತ್ರಿಯಲ್ಲಿ ತುಂಬಿ ಚೆಲ್ಲಬಹುದು, ಅಲ್ಲಿ ಎತ್ತರದ ಬಾಟಲಿ ಬೇಕು, ಸಂಜೆಯೂ ಒಮ್ಮೆ ಅಳೆಯಬೇಕು.

ಎರಡೂ ಶಾಲೆ ಒಂದೇ ಹದಿನೈದು ದಿನ ಅಳೆದು ಅಂಕಿಗಳನ್ನು ಕಾರ್ಡಿನಲ್ಲಿ ಬರೆದು ಕಳಿಸಲಿ. ಬಂದ ಅಂಕಿಗಳನ್ನು ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ನಮ್ಮದರ ಪಕ್ಕ ಕಂಬ ಮಾಡಿ ತುಂಬಿಸಿ. ಒಂದು ಊರಿನ ಕಂಬಗಳು ಹಾಳೆ ದಾಟಿ ಗೋಡೆಗೆ ಏರುತ್ತವೆ, ಇನ್ನೊಂದರದು ನೆಲ ಬಿಟ್ಟು ಏಳುವುದಿಲ್ಲ. ‘ಮಳೆಯ ನೆರಳು’ ಎಂದು ಬಾಯಲ್ಲಿ ಹೇಳುವ ಮುನ್ನವೇ ಮಕ್ಕಳ ಕಣ್ಣಿಗೆ ಅದು ಬಿದ್ದಿರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಪಂಚಾಯಿತಿಯಲ್ಲಿ ವಿಚಾರಿಸಿ ಆ ಅಂಕಿಯೊಡನೆ ಬಾಟಲಿಯ ಅಂಕಿಯನ್ನು ಹೋಲಿಸಿದರೆ ಅಳತೆ ಎಷ್ಟು ನಂಬಿಕಸ್ಥ ಎಂಬುದೂ ತಿಳಿಯುತ್ತದೆ.

ಮಳೆಯ ನಂತರ ನೀರಿನ ಕಾರ್ಡು. ನಮ್ಮೂರ ಹಳ್ಳ ಯಾವ ನದಿ ಸೇರುತ್ತದೆ, ಆ ನದಿ ಯಾವ ಸಮುದ್ರ ಸೇರುತ್ತದೆ? ತೀರ್ಥಹಳ್ಳಿ ತಾಲೂಕು ಇದಕ್ಕೆ ಅಪರೂಪದ ಜಾಗ. ಅಲ್ಲಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲೂಕಿನಲ್ಲಿ ಹಾದುಹೋಗುವ ತುಂಗೆ ಪೂರ್ವಕ್ಕೆ ನಡೆದು ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಚಳ್ಳಕೆರೆ ತಾಲೂಕಿನ ವೇದಾವತಿಯೂ ಮುಂದೆ ತುಂಗಭದ್ರೆಗೇ ಸೇರುತ್ತದೆ. ಅಂದರೆ ಕಾರ್ಡು ಬರೆದುಕೊಳ್ಳುತ್ತಿರುವ ಈ ಎರಡು ಶಾಲೆಗಳ ನೀರು ದಾರಿಯಲ್ಲಿ ಎಲ್ಲೋ ಕೂಡುತ್ತದೆ. ಎಲ್ಲಿ ಎಂದು ನಕಾಶೆಯಲ್ಲಿ ಬೆರಳಿಟ್ಟು ಹುಡುಕಲಿ, ಹೇಳಿಕೊಡಬೇಡಿ. ಈ ಸುತ್ತಿನಲ್ಲಿ ಹಿರಿಯರನ್ನು ಕೇಳಿ ಬರೆಯುವ ಒಂದು ಸಾಲೂ ಇರಲಿ. ವೇದಾವತಿಗೆ ಕಟ್ಟಿದ ಅಣೆಕಟ್ಟು ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಆ ವರ್ಷದ ಕಥೆ ಸಿಗುತ್ತದೆ.

ಕೋಲಿನ ನೆರಳು

ನನ್ನನ್ನು ಕೇಳಿದರೆ ವರ್ಷದ ಅತ್ಯುತ್ತಮ ಕಾರ್ಡು ಡಿಸೆಂಬರ್‌ನದ್ದು. ಅಕ್ಷಾಂಶ, ರೇಖಾಂಶಗಳನ್ನು ಗ್ಲೋಬಿನ ಮೇಲಿನ ಗೆರೆಗಳು ಎಂದಷ್ಟೇ ಮಕ್ಕಳು ತಿಳಿದಿರುತ್ತಾರೆ. ಒಂದು ಮೀಟರ್ ಕೋಲು ಮತ್ತು ಒಂದು ಅಂಚೆ ಕಾರ್ಡು ಅವನ್ನು ಅಂಗಳಕ್ಕೆ ಇಳಿಸುತ್ತವೆ.

ನೆಲದ ಮೇಲೆ ಸರಿಯಾಗಿ ಒಂದು ಮೀಟರ್ ಕಾಣುವಂತೆ ಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ, ನೆಲವೂ ಸಮತಟ್ಟಾಗಿರಲಿ. ಹನ್ನೊಂದೂವರೆಯಿಂದ ಒಂದೂಕಾಲಿನವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುತ್ತ ಹೋಗಿ. ಎಲ್ಲಕ್ಕಿಂತ ಗಿಡ್ಡವಾದ ನೆರಳಿನ ಉದ್ದ ಕಾರ್ಡಿಗೆ ಹೋಗಬೇಕಾದ ಅಂಕಿ. ಡಿಸೆಂಬರ್ 22ರ ಆಸುಪಾಸಿನಲ್ಲಿ ಈ ಉದ್ದ ಚಾಮರಾಜನಗರದಲ್ಲಿ ಸುಮಾರು 71 ಸೆಂ.ಮೀ., ಬೆಂಗಳೂರಿನಲ್ಲಿ 74, ಕಲಬುರಗಿಯಲ್ಲಿ 86, ಬೀದರಿನಲ್ಲಿ 88. ದೆಹಲಿಗೆ ಹೋದರೆ ನೆರಳು ಕೋಲಿಗಿಂತ ಉದ್ದ, 128 ಸೆಂ.ಮೀ. ಒಂದೇ ಸೂರ್ಯ, ಒಂದೇ ಅಳತೆಯ ಕೋಲು, ಆದರೂ ಜೊತೆ ಶಾಲೆಯ ನೆರಳು ನಮ್ಮದಕ್ಕಿಂತ ಏಕೆ ಉದ್ದ? ಭೂಮಿ ಚಪ್ಪಟೆಯಾಗಿದ್ದರೆ ಹೀಗಾಗುತ್ತಿತ್ತೇ? ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದಲೇ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಮಕ್ಕಳು ಮಾಡುತ್ತಿರುವುದು ಅದೇ ಕೆಲಸ.

ಲೆಕ್ಕಕ್ಕೆ ತ್ರಿಕೋನಮಿತಿ ಬೇಕಿಲ್ಲ. ಕೋಲನ್ನು 10 ಸೆಂ.ಮೀ. ಗೆರೆಯಾಗಿ, ನೆರಳನ್ನು ಅದೇ ಪ್ರಮಾಣದಲ್ಲಿ ಕೆಳಗೆ ಅಡ್ಡಗೆರೆಯಾಗಿ ಬರೆದು ಎರಡರ ತುದಿ ಸೇರಿಸಿ. ಕೋಲಿನ ತಲೆಯ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಬೀದರಿನ ನೆರಳಿಗೆ ಸುಮಾರು 41 ಡಿಗ್ರಿ, ಚಾಮರಾಜನಗರದ್ದಕ್ಕೆ ಸುಮಾರು 35. ವ್ಯತ್ಯಾಸ 6 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ ನೆಲದ ಮೇಲೆ ಸುಮಾರು 111 ಕಿ.ಮೀ. ಹಾಗಾದರೆ ಎರಡು ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 666 ಕಿ.ಮೀ. ನಕಾಶೆಯಲ್ಲಿ ಸ್ಕೇಲಿಟ್ಟು ನೋಡಿದರೆ ಉತ್ತರ ಹತ್ತಿರ ಹತ್ತಿರ ಹೊಂದುತ್ತದೆ. ಡಿಸೆಂಬರ್‌ನಲ್ಲಿ ಒಂದು ವಾರ ಆಚೀಚೆ ಆದರೂ ನೆರಳು ಹೆಚ್ಚು ಬದಲಾಗುವುದಿಲ್ಲ, ಮೋಡವಿದ್ದರೆ ಮರುದಿನ ಅಳೆಯಬಹುದು. ಹಗಲು ರಾತ್ರಿ ಸಮನಾಗುವ ಸೆಪ್ಟೆಂಬರ್ 22–23ರಂದು ಅಳೆದರೆ ಇನ್ನೂ ಸೊಗಸು, ಅಂದು ಸಿಗುವ ಕೋನವೇ ನಿಮ್ಮೂರಿನ ಅಕ್ಷಾಂಶ. ಆದರೆ ಆ ದಿನಗಳಲ್ಲಿ ನೆರಳು ದಿನದಿಂದ ದಿನಕ್ಕೆ ಬೇಗ ಬದಲಾಗುವುದರಿಂದ ಎರಡೂ ಶಾಲೆ ಒಂದೇ ದಿನ ಅಳೆಯಬೇಕು, ಮತ್ತು ಮಲೆನಾಡಿನಲ್ಲಿ ಆಗ ಬಿಸಿಲು ಸಿಗುವುದು ಅದೃಷ್ಟ.

ಪೂರ್ವ–ಪಶ್ಚಿಮದಲ್ಲಿ ದೂರವಿರುವ ಶಾಲೆಗಳಾದರೆ ನೆರಳಿನ ಉದ್ದಕ್ಕಿಂತ ಹೊತ್ತು ಮುಖ್ಯ. ಕೋಲಾರದಲ್ಲಿ ನೆರಳು ಅತಿ ಗಿಡ್ಡವಾದ ಮೇಲೆ ಸುಮಾರು 16 ನಿಮಿಷ ಕಳೆದು ಕಾರವಾರದಲ್ಲಿ ಹಾಗಾಗುತ್ತದೆ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ, ಎರಡು ಊರುಗಳ ನಡುವೆ 4 ಡಿಗ್ರಿ. ನಡುಮಧ್ಯಾಹ್ನದ ಹೊತ್ತಿಗೆ ನೆರಳು ಬಹಳ ನಿಧಾನವಾಗಿ ಬದಲಾಗುವುದರಿಂದ ‘ಅತಿ ಗಿಡ್ಡ’ದ ನಿಮಿಷ ಹಿಡಿಯುವುದು ಕಷ್ಟ. ಅದಕ್ಕೊಂದು ಉಪಾಯವಿದೆ. ಹನ್ನೊಂದೂವರೆಯ ನೆರಳಿನ ಉದ್ದಕ್ಕೆ ಕೋಲಿನ ಸುತ್ತ ದಾರದಿಂದ ವೃತ್ತ ಎಳೆಯಿರಿ. ಮಧ್ಯಾಹ್ನದ ನಂತರ ನೆರಳು ಮತ್ತೆ ಆ ವೃತ್ತ ಮುಟ್ಟುವ ಹೊತ್ತು ಬರೆದುಕೊಳ್ಳಿ. ಎರಡು ಹೊತ್ತುಗಳ ನಡುವಿನ ಕ್ಷಣವೇ ನಿಮ್ಮೂರ ನಿಜವಾದ ನಡುಮಧ್ಯಾಹ್ನ. ಗಡಿಯಾರದಲ್ಲಿ ಅದು ಹನ್ನೆರಡು ಆಗಿರುವುದಿಲ್ಲ. ನಮ್ಮೆಲ್ಲರ ಗಡಿಯಾರ 82½ ಡಿಗ್ರಿ ರೇಖಾಂಶದ ಹೊತ್ತು ತೋರಿಸುತ್ತದೆ, ಕರ್ನಾಟಕ ಪೂರ್ತಿ ಅದರ ಪಶ್ಚಿಮಕ್ಕಿದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕನ್ನಡ ಕಲಿಯುವ ಮಕ್ಕಳ ಪರಿಚಯ ಯಾರ ಮೂಲಕವಾದರೂ ಸಿಕ್ಕರೆ ಬಿಡಬೇಡಿ. ಡಿಸೆಂಬರ್ 22ರಂದು ಅಲ್ಲಿ ಸುಡುಬೇಸಿಗೆ. ಒಂದು ಮೀಟರ್ ಕೋಲಿನ ಗಿಡ್ಡ ನೆರಳು ಸುಮಾರು 18 ಸೆಂ.ಮೀ., ಅದೂ ದಕ್ಷಿಣಕ್ಕೆ ಬೀಳುತ್ತದೆ. ನಮ್ಮ ಕೋಲಿನದು ಅದೇ ದಿನ ಉತ್ತರಕ್ಕೆ. ಗೋಲದ ಎರಡು ಅರ್ಧಗಳ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳುವ ಮಾದರಿ ನಾನು ಕಂಡಿಲ್ಲ. ವಿದೇಶಕ್ಕೆ 50 ಪೈಸೆಯ ಕಾರ್ಡು ಹೋಗುವುದಿಲ್ಲ, ಎಷ್ಟರ ಸ್ಟಾಂಪು ಎಂದು ಅಂಚೆ ಕಚೇರಿಯಲ್ಲೇ ಕೇಳಿ ಅಂಟಿಸಿ. ಪೋರ್ಚುಗಲ್ಲಿನಲ್ಲಿ 2005ರಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಎಂಬ ಯೋಜನೆಯ ಮೂಲಕ ಲೋಕದ ಯಾವುದೋ ಮೂಲೆಯ ಅಪರಿಚಿತರೊಡನೆ ಕಾರ್ಡು ಬದಲಾಯಿಸಿಕೊಳ್ಳಬಹುದು. ಮೇಷ್ಟ್ರು ತಮ್ಮ ಹೆಸರಿನಲ್ಲಿ ಸೇರಿ ಚಿತ್ರಗಳನ್ನು ತರಗತಿಗೆ ತರುವುದಕ್ಕೆ ಅದು ಒಳ್ಳೆಯದು. ಆದರೆ ಅಲ್ಲಿ ಕಳಿಸಿದವರಿಂದ ಮರು ಕಾರ್ಡು ಬರುವುದಿಲ್ಲ, ಬೇರೆ ಯಾರಿಂದಲೋ ಬರುತ್ತದೆ. ಪ್ರಶ್ನೆ, ಉತ್ತರ, ಮರುಪ್ರಶ್ನೆ ಎಂದು ವರ್ಷವಿಡೀ ಬೆಳೆಯುವ ಮಾತಿಗೆ ಜೊತೆ ಶಾಲೆಯೇ ಬೇಕು.

ವಿಳಾಸವೂ ಪಾಠವೇ

ಭಾರತದಲ್ಲಿ ಅಂಚೆ ಕಾರ್ಡು ಶುರುವಾದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಈ ಆರು ಅಂಕಿಗಳನ್ನು ಮಕ್ಕಳು ಬಿಡಿಸಿ ಓದಲಿ. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. 6 ಎಂದರೆ ಕೇರಳ, ತಮಿಳುನಾಡು. ಸೇನೆಯ ಅಂಚೆಗೆ 9. ಕರ್ನಾಟಕಕ್ಕೆ 56ರಿಂದ 59. ಮೊದಲ ಮೂರು ಅಂಕಿ ಸೇರಿ ವಿಂಗಡಣೆಯ ಜಿಲ್ಲೆ ಹೇಳುತ್ತವೆ. ಬೆಂಗಳೂರು 560, ಮೈಸೂರು 570, ಮಂಗಳೂರು 575, ಧಾರವಾಡ 580, ಬೆಳಗಾವಿ 590. ಹಳೆಯ ಲಕೋಟೆ, ಮದುವೆ ಪತ್ರಿಕೆಗಳ ವಿಳಾಸ ತರಿಸಿ ಮಕ್ಕಳಿಂದಲೇ ವಿಂಗಡಣೆ ಮಾಡಿಸಿದರೆ ಅರ್ಧ ಗಂಟೆಯಲ್ಲಿ ರಾಜ್ಯದ ನಕಾಶೆ ತಲೆಗೆ ಹೋಗುತ್ತದೆ.

ಕಾರ್ಡುಗಳನ್ನು ಒಟ್ಟಿಗೆ ಲಕೋಟೆಗೆ ತುಂಬಿ ಕಳಿಸಬೇಡಿ. ಒಂದೊಂದಾಗಿ ಹೋದರೆ ಒಂದೊಂದಕ್ಕೂ ಮುದ್ರೆ ಬೀಳುತ್ತದೆ. ಹೊರಟ ದಿನ, ತಲುಪಿದ ದಿನ ಬರೆದಿಟ್ಟುಕೊಳ್ಳಿ. ಒಂದೇ ದಿನ ಹೊರಟ ಕಾರ್ಡುಗಳು ಬೇರೆ ಬೇರೆ ದಿನ ಮುಟ್ಟುವುದೂ ಉಂಟು, ಏಕೆ ಎಂದು ಹುಡುಕುವ ಕೆಲಸ ಸಿಗುತ್ತದೆ. ಊರಿನ ಶಾಖಾ ಅಂಚೆ ಕಚೇರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಚೀಲ ಇಲ್ಲಿಂದ ಎಲ್ಲಿಗೆ, ಅಲ್ಲಿಂದ ಬಸ್ಸೋ ರೈಲೋ ಎಂದು ಅಂಚೆಯಣ್ಣನನ್ನು ಮಕ್ಕಳೇ ಕೇಳಲಿ. ಸಣ್ಣ ಕಚೇರಿಯಲ್ಲಿ ಕಾರ್ಡುಗಳ ದಾಸ್ತಾನು ಕಡಿಮೆ ಇರುತ್ತದೆ, ಒಂದು ವಾರ ಮುಂಚೆ ಹೇಳಿಡಿ.

ಕಾರ್ಡು ತೆರೆದ ಪತ್ರ, ಯಾರು ಬೇಕಾದರೂ ಓದಬಹುದು. ಹಾಗಾಗಿ ಮಕ್ಕಳ ಮೊದಲ ಹೆಸರು ಮಾತ್ರ ಇರಲಿ. ಮನೆಯ ವಿಳಾಸ, ಫೋನ್ ನಂಬರು, ಜಾತಿ ಹೇಳುವ ಅಡ್ಡಹೆಸರು ಬೇಡ. ಎರಡೂ ಕಡೆ ಶಾಲೆಯ ವಿಳಾಸವೇ ಇರಲಿ. ಬಂದ ಕಾರ್ಡುಗಳನ್ನು ಮೇಷ್ಟ್ರು ಮೊದಲು ಓದಿ ಆಮೇಲೆ ಹಂಚಬೇಕು. ‘ನಿಮ್ಮೂರಲ್ಲಿ ಇದನ್ನು ತಿನ್ನುತ್ತೀರಾ, ಛೀ’ ಎಂಬಂಥ ಸಾಲು ಬಂದರೆ ಕಾರ್ಡು ಮುಚ್ಚಿಡಬೇಡಿ, ಬರೆದ ಮಗುವನ್ನು ಗದರಿಸಲೂ ಹೇಳಬೇಡಿ. ಆ ಊಟ ಅಲ್ಲಿ ಏಕೆ, ಯಾವ ಬೆಳೆಯಿಂದ ಬಂತು ಎಂದು ಮುಂದಿನ ಕಾರ್ಡಿನಲ್ಲಿ ವಿವರಿಸುವ ಅವಕಾಶ ಮಕ್ಕಳಿಗೆ ಕೊಡಿ.

ಜನವರಿಯಲ್ಲಿ ಸುಗ್ಗಿಯ ಕಾರ್ಡು, ಫೆಬ್ರುವರಿಯಲ್ಲಿ ಬೇಸಿಗೆಯ ನೀರಿನ ಕಾರ್ಡು ಬರೆದರೆ ಪರೀಕ್ಷೆಗೆ ಮುಂಚೆ ಸುತ್ತುಗಳು ಮುಗಿಯುತ್ತವೆ. ಕಾರ್ಡಿನ ಎರಡೂ ಮುಖ ಕಾಣುವಂತೆ ಮೂಲೆಗೆ ತೂತು ಹಾಕಿ ದಾರಕ್ಕೆ ಪೋಣಿಸಿ. ಗೋಡೆಗೆ ಅಂಟಿಸಿದರೆ ಮುದ್ರೆ, ವಿಳಾಸ ಕಾಣದಂತಾಗುತ್ತದೆ. ನೀವು ಕಳಿಸುವ ಕಾರ್ಡುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಮಕ್ಕಳು ಬರೆದದ್ದೆಲ್ಲ ಆ ಊರಲ್ಲೇ ಉಳಿಯುತ್ತದೆ. ಮಳೆ ಮತ್ತು ನೆರಳಿನ ಅಂಕಿಗಳನ್ನು ಬೇರೆ ನೋಟ್ ಬುಕ್ಕಿಗೆ ಇಳಿಸಿ, ಕೋಲು ನೆಟ್ಟ ಜಾಗ, ಬಾಟಲಿ ಇಟ್ಟ ಜಾಗಕ್ಕೆ ಗುರುತು ಹಾಕಿ ಮುಂದಿನ ತರಗತಿಗೆ ಒಪ್ಪಿಸಿ. ಜೂನ್‌ನಲ್ಲಿ ಬರುವ ಮಕ್ಕಳು ಅದೇ ಜಾಗದಲ್ಲಿ ಅಳೆದರೆ, ಎರಡು ಊರುಗಳ ಜೊತೆಗೆ ಎರಡು ವರ್ಷಗಳ ಮಳೆಯನ್ನೂ ಹೋಲಿಸಿ ಬರೆಯಬಹುದು.